ಆಫ್ ಮೈಸ್ ಅಂಡ್ ಮೆನ್, ಪೇಪರ್‌ಬ್ಯಾಕ್ ಮತ್ತು ಆಡಿಯೋಬುಕ್: ನಾಲ್ಕನೇ ಅಧ್ಯಾಯಕ್ಕೋಸ್ಕರ ಆದ್ರೂ ತಗೊಳ್ಳಿ

5ಕ್ಕೆ 4.5 ಕೊಡ್ತಿದೀನಿ, ಅರ್ಧ ಯಾಕೆ ಕಟ್ ಮಾಡ್ದೆ ಅನ್ನೋದು ಕೆಳಗೆ ಬರತ್ತೆ. ಜಾನ್ ಸ್ಟೈನ್‌ಬೆಕ್ ಬರೆದು 1937ರಲ್ಲಿ ಬಂದ ಪುಸ್ತಕ, ಆರೇ ಅಧ್ಯಾಯ, ನೂರು ಚಿಲ್ಲರೆ ಪುಟ, ಭಾನುವಾರ ಮಧ್ಯಾಹ್ನ ಊಟ ಆದ್ಮೇಲೆ ಹಿಡ್ಕೊಂಡ್ರೆ ದೀಪ ಹಚ್ಚೋ ಹೊತ್ತಿಗೆ ಮುಗಿಯತ್ತೆ. ಎಲ್ರೂ ಇದನ್ನ ಇಬ್ರು ಸ್ನೇಹಿತರ ಕಥೆ ಅಂತಾನೇ ರೆಕಮೆಂಡ್ ಮಾಡ್ತಾರೆ. ಜಾರ್ಜ್ ಮತ್ತು ಲೆನ್ನಿ ಸ್ನೇಹ ಚೆನ್ನಾಗಿ ಬಂದಿದೆ ನಿಜ, ಆದ್ರೆ ನನಗೆ ಈ ಪುಸ್ತಕದಲ್ಲಿ ಮನಸ್ಸಿಗೆ ನಾಟಿದ್ದು ಆ ಇಬ್ರ ಸುತ್ತ ಇರೋ ಜನ. ಒಬ್ರಿಗೊಬ್ರು ಜೊತೆ ಇರೋ ಇಬ್ರನ್ನ ನೋಡಿ ಅನುಮಾನ ಪಡೋರು, ಆಸೆ ಪಡೋರು, ಅವರ ಹತ್ರ ಬಂದು ನಿಂತ್ಕೊಳ್ಳೋಕೆ ಏನಾದ್ರೂ ನೆಪ ಹುಡುಕೋರು. ಆ ಜನಕ್ಕೋಸ್ಕರ ಈ ರಿವ್ಯೂ ಬರೀತಿದೀನಿ, ಯಾಕಂದ್ರೆ ಬೇರೆ ರಿವ್ಯೂಗಳಲ್ಲಿ ಅವರ ಹೆಸರು ಒಂದು ಸಾಲಲ್ಲಿ ಮುಗಿದು ಹೋಗತ್ತೆ. ಕೊನೇ ಅಧ್ಯಾಯದಲ್ಲಿ ಏನಾಗತ್ತೆ ಅಂತ ಹೇಳಲ್ಲ, ಧೈರ್ಯವಾಗಿ ಓದಿ, ಆದ್ರೆ ಮಧ್ಯದ್ದು ಸ್ವಲ್ಪ ಹೇಳ್ಲೇಬೇಕಾಗತ್ತೆ.

ಕಥೆ ನಡೆಯೋದು ಕ್ಯಾಲಿಫೋರ್ನಿಯಾದ ಸಲೀನಾಸ್ ಕಣಿವೆಯಲ್ಲಿ, ಸೊಲೆಡಾಡ್ ಅನ್ನೋ ಊರಿಂದ ಕೆಲವೇ ಮೈಲಿ ದಕ್ಷಿಣಕ್ಕೆ ಇರೋ ಒಂದು ದೊಡ್ಡ ಫಾರ್ಮ್‌ನಲ್ಲಿ, 1930ರ ದಶಕದ ಆರ್ಥಿಕ ಕುಸಿತದ ಕಾಲ, ಬಾರ್ಲಿ ಕೊಯ್ಲು ನಡೀತಿರತ್ತೆ. ಗುರುವಾರ ಸಂಜೆ ಶುರುವಾಗಿ ಭಾನುವಾರ ಸಂಜೆಗೆ ಕಥೆ ಮುಗಿಯತ್ತೆ. ಆಗ ಅಲ್ಲಿ ಹೆಂಡ್ತಿ ಮಕ್ಕಳು ಮನೆ ಏನೂ ಇಲ್ಲದ ಗಂಡಸರು ಕಂಬಳಿ ಸುತ್ತಿ ಬೆನ್ನಿಗೆ ಹಾಕ್ಕೊಂಡು ಫಾರ್ಮ್‌ನಿಂದ ಫಾರ್ಮ್‌ಗೆ ಹೋಗ್ತಿದ್ರು, ಸ್ಯಾನ್ ಫ್ರಾನ್ಸಿಸ್ಕೋದ ಏಜೆನ್ಸಿಯವರು ಒಂದು ವರ್ಕ್ ಕಾರ್ಡು ಬಸ್ ಟಿಕೆಟ್ಟು ಕೊಟ್ಟು ಕಳಿಸ್ತಿದ್ರು, ಊಟ ಮಂಚ ಫಾರ್ಮ್‌ನೋರದ್ದು, ಈ ಕಥೆಯಲ್ಲಿ ಸಂಬಳ ತಿಂಗಳಿಗೆ 50 ಡಾಲರ್. ತಿಂಗಳ ಕೊನೇಲಿ ಆ ದುಡ್ಡು ಟೌನ್‌ಗೆ ಹೋಗಿ ಕುಡಿದು ಖಾಲಿ ಮಾಡೋದು, ಮತ್ತೆ ಮುಂದಿನ ಫಾರ್ಮು. ಸ್ಟೈನ್‌ಬೆಕ್ 1902ರಲ್ಲಿ ಅದೇ ಸಲೀನಾಸ್‌ನಲ್ಲಿ ಹುಟ್ಟಿದ್ದು, ಸ್ಟ್ಯಾನ್‌ಫರ್ಡ್‌ನಲ್ಲಿ ಡಿಗ್ರಿ ಮುಗಿಸ್ದೇ ಬಿಟ್ಟೋರು, ವಯಸ್ಸಲ್ಲಿ ಸ್ಪ್ರೆಕಲ್ಸ್ ಸಕ್ಕರೆ ಕಂಪನಿ ಫಾರ್ಮ್‌ಗಳಲ್ಲಿ ಇಂಥ ಕೂಲಿಯವರ ಜೊತೆನೇ ದುಡಿದಿದ್ರು. ಅದಕ್ಕೇ ಬಂಕ್‌ಹೌಸ್, ಅಂದ್ರೆ ಕೂಲಿಯವರೆಲ್ಲ ಒಟ್ಟಿಗೆ ಮಲಗೋ ಮನೆಯ ವಿವರ ಅಷ್ಟು ಕರೆಕ್ಟಾಗಿದೆ. ಪ್ರತಿ ಮಂಚದ ಮೇಲೆ ಗೋಡೆಗೆ ಒಂದು ಸೇಬಿನ ಡಬ್ಬ ಹೊಡೆದಿರ್ತಾರೆ, ಅದೇ ಶೆಲ್ಫು, ಒಬ್ಬ ಮನುಷ್ಯನ ಆಸ್ತಿ ಪೂರ್ತಿ ಅದರೊಳಗೆ ಹಿಡಿಯತ್ತೆ: ಸೋಪು, ರೇಜರು, ಒಂದೆರಡು ಔಷಧಿ ಬಾಟ್ಲಿ, ಹಳೇ ಮ್ಯಾಗಜೀನು. ಜಾರ್ಜ್‌ಗೆ ತನ್ನ ಡಬ್ಬದಲ್ಲಿ ಹಿಂದಿನವನು ಬಿಟ್ಟು ಹೋದ ಹೇನು ಜಿರಳೆ ಕೊಲ್ಲೋ ಔಷಧಿ ಡಬ್ಬಿ ಸಿಗತ್ತೆ. ಆ ಮಂಚದಲ್ಲಿ ಮಲಗ್ತಿದ್ದ ಮನುಷ್ಯನ ಬಗ್ಗೆ ಉಳಿದಿರೋ ಗುರುತು ಅಂದ್ರೆ ಅದೊಂದೇ.

ಮ್ಯಾಗಜೀನ್ ಅಂದಾಗ ನೆನಪಾಯ್ತು, ಇದನ್ನ ಯಾರೂ ಹೇಳಲ್ಲ, ಮೂರನೇ ಅಧ್ಯಾಯದಲ್ಲಿ ಒಂದು ಪುಟದ ಸಣ್ಣ ಸೀನ್ ಇದೆ. ವಿಟ್ ಅನ್ನೋ ಹುಡುಗ ಒಂದು ಮ್ಯಾಗಜೀನ್ ತಂದು ಜೊತೆ ಕೆಲಸದ ಸ್ಲಿಮ್‌ಗೆ ಕೊಟ್ಟು ಹಿಂದಿನ ಪುಟದಲ್ಲಿ ಓದುಗರ ಪತ್ರ ಇದೆ ನೋಡು ಜೋರಾಗಿ ಓದು ಅಂತಾನೆ. ಏನಿಲ್ಲ, ನಿಮ್ಮ ಕಥೆಗಳು ಚೆನ್ನಾಗಿವೆ ಅಂತ ಯಾರೋ ಎಡಿಟರ್‌ಗೆ ಬರೆದಿರೋ ಮಾಮೂಲಿ ಪತ್ರ. ಕೆಳಗಿನ ಹೆಸರು ಮಾತ್ರ, ಮೂರು ತಿಂಗಳ ಹಿಂದೆ ಇದೇ ಫಾರ್ಮ್‌ನಲ್ಲಿ ಕೆಲಸ ಮಾಡಿ ಹೋದ ಬಿಲ್ ಟೆನರ್‌ದು. ವಿಟ್‌ಗೆ ಅದು ಎಷ್ಟು ದೊಡ್ಡ ವಿಷ್ಯ ಅಂದ್ರೆ ಪುಟ ತೋರಿಸ್ತಾನೆ ಹೊರತು ಮ್ಯಾಗಜೀನ್ ಕೈಯಿಂದ ಬಿಡಲ್ಲ, ಆಮೇಲೆ ಜೋಪಾನವಾಗಿ ತನ್ನ ಡಬ್ಬದಲ್ಲಿ ಇಟ್ಕೋತಾನೆ. ಇವರೆಲ್ಲ ಒಂದು ಫಾರ್ಮ್ ಬಿಟ್ಟು ಹೋದ್ರೆ ಮತ್ತೆ ಒಬ್ರ ಸುದ್ದಿ ಒಬ್ರಿಗೆ ಗೊತ್ತಾಗಲ್ಲ. ನಮ್ ಜೊತೆ ಇದ್ದೋನು ಎಲ್ಲೋ ಇದ್ದ, ಅವನ ಹೆಸರು ಪ್ರಿಂಟ್ ಆಗಿದೆ, ಅಂದ್ರೆ ನಾವೂ ಇದೀವಿ. ಒಂಟಿತನದ ಬಗ್ಗೆ ಭಾಷಣ ಮಾಡ್ದೇ ಇಷ್ಟು ಹೇಳೋದಕ್ಕೆ ಬರೋ ಲೇಖಕರು ಕಡಿಮೆ.

ಈಗ ಜಾರ್ಜ್-ಲೆನ್ನಿ. ಜಾರ್ಜ್ ಗಿಡ್ಡ, ಚುರುಕು, ಬೇಗ ಸಿಟ್ಟು ಬರೋನು. ಲೆನ್ನಿ ಭಾರೀ ಆಳು, ಬುದ್ಧಿ ಬೆಳೆದಿಲ್ಲ, ಮೆತ್ತಗಿರೋದನ್ನ ಸವರೋದಂದ್ರೆ ಪ್ರಾಣ, ತನ್ನ ಕೈ ಬಲ ತನಗೇ ಗೊತ್ತಿಲ್ಲ, ಜೇಬಲ್ಲಿ ಸತ್ತ ಇಲಿ ಇಟ್ಕೊಂಡು ಹೆಬ್ಬೆರಳಲ್ಲಿ ಸವರ್ತಾ ನಡೀತಾನೆ. ಇಬ್ರೂ ಆಬರ್ನ್ ಊರಿನೋರು, ಲೆನ್ನಿನ ಸಾಕಿದ ಕ್ಲಾರಾ ಚಿಕ್ಕಮ್ಮ ತೀರ್ಕೊಂಡ್ಮೇಲೆ ಅವನು ಜಾರ್ಜ್ ಹಿಂದೆ ಕೆಲಸಕ್ಕೆ ಬಂದ. ಜಾರ್ಜ್ ಒಳ್ಳೇವನು ಅಂತ ತೋರ್ಸೋಕೆ ಲೇಖಕರು ಹೊರಟಿಲ್ಲ ಅನ್ನೋದೇ ನನಗೆ ಇಷ್ಟ ಆಗಿದ್ದು. ಮೊದಮೊದಲು ತಾನೂ ಲೆನ್ನಿನ ಗೋಳು ಹುಯ್ಕೋತಿದ್ದೆ ಅಂತ ಅವನೇ ಸ್ಲಿಮ್ ಹತ್ರ ಹೇಳ್ಕೋತಾನೆ, ಹುಡುಗರ ಗುಂಪಿನ ಮುಂದೆ ಶೋ ಕೊಡೋಕೆ ಹೊಳೆಗೆ ಹಾರು ಅಂದನಂತೆ, ಈಜು ಬರದ ಲೆನ್ನಿ ಹಾರೇ ಬಿಟ್ಟ, ಮುಳುಗಿ ಹೋಗ್ತಿದ್ದೋನನ್ನ ಎಳೆದು ಹಾಕಿದ್ರೆ ಅವನು ಕಾಪಾಡಿದ್ದಕ್ಕೆ ಥ್ಯಾಂಕ್ಸ್ ಹೇಳ್ದ, ಹಾರು ಅಂದಿದ್ದು ಇವನೇ ಅನ್ನೋದು ಮರೆತೇ ಹೋಗಿತ್ತು. ಅವತ್ತಿಂದ ಜಾರ್ಜ್ ಆ ಥರ ಮಾಡೋದು ನಿಲ್ಲಿಸ್ದ. ಇವರ ಸ್ನೇಹದ ಬುಡ ಅದು. ನಾನಿಲ್ದೇ ಇವನು ಬದುಕಲ್ಲ ಅನ್ನೋ ಭಯ, ನಾನು ಏನ್ ಹೇಳಿದ್ರೂ ಇವನು ಮಾಡ್ತಾನೆ ಅನ್ನೋ ನಾಚಿಕೆ, ಇವನಿಲ್ದೇ ಇದ್ರೆ ಆರಾಮಾಗಿರ್ತಿದ್ದೆ ಅಂತ ದಿನಾ ಬೈಯೋದು, ಬೈದ್ಮೇಲೆ ಪಶ್ಚಾತ್ತಾಪ, ಎಲ್ಲಾ ಸೇರಿ ಆಗಿರೋ ಸಂಬಂಧ.

ಫಾರ್ಮ್‌ಗೆ ಹೋಗೋ ಹಿಂದಿನ ರಾತ್ರಿ ಹೊಳೆ ದಂಡೆಯಲ್ಲಿ ಬೆಂಕಿ ಹಾಕ್ಕೊಂಡು ಬೀನ್ಸ್ ತಿಂದು ಮಲಗೋ ಮುಂಚೆ ಲೆನ್ನಿ ಆ ಕಥೆ ಹೇಳು ಅಂತ ಪೀಡಿಸ್ತಾನೆ, ಅಜ್ಜಿ ಹತ್ರ ದಿನಾ ಅದೇ ಕಥೆ ಕೇಳೋ ಮಗು ಥರ, ಒಂದು ಪದ ತಪ್ಪಿದ್ರೂ ತಿದ್ದೋ ಅಷ್ಟು ಬಾಯಿಪಾಠ. ಫಾರ್ಮ್ ಕೆಲಸದೋರಷ್ಟು ಒಂಟಿ ಜನ ಲೋಕದಲ್ಲಿಲ್ಲ, ಅವರಿಗೆ ತಮ್ಮೋರು ಅಂತಿಲ್ಲ, ಯಾವ ಊರೂ ಅವರದ್ದಲ್ಲ, ಆದ್ರೆ ನಾವು ಹಾಗಲ್ಲ, ನನಗೆ ನೀನಿದೀಯ ನಿನಗೆ ನಾನಿದೀನಿ, ಮುಂದೆ ಒಂದಿನ ಸ್ವಲ್ಪ ಜಮೀನು, ಹಸು, ಕೋಳಿ, ಮೊಲ. ಇದು ಆ ಕಥೆ. ಗಮನಿಸಿ, ಲೆನ್ನಿಗೆ ಬೇರೆ ಏನೂ ನೆನಪಿರಲ್ಲ, ಎಲ್ಲಿಗೆ ಹೋಗ್ತಿದೀವಿ ಅನ್ನೋದೂ ಮರೆತಿರ್ತಾನೆ, ಇದೊಂದು ಮಾತ್ರ ಮರೆಯಲ್ಲ.

ಫಾರ್ಮ್‌ಗೆ ಬಂದ ತಕ್ಷಣ ಯಜಮಾನನಿಗೆ ಅನುಮಾನ ಬರತ್ತೆ, ಲೆನ್ನಿ ಪರವಾಗಿ ನೀನ್ಯಾಕೆ ಮಾತಾಡ್ತೀಯ, ಅವನ ಸಂಬಳ ನೀನು ಹೊಡ್ಕೋತೀಯಾ ಅಂತ ನೇರವಾಗಿ ಕೇಳ್ತಾನೆ. ಒಬ್ಬ ಇನ್ನೊಬ್ಬನಿಗಾಗಿ ಇಷ್ಟು ತಲೆ ಕೆಡಿಸ್ಕೊಳ್ಳೋದು ಆ ಜಾಗದಲ್ಲಿ ಎಷ್ಟು ಅಪರೂಪ ಅಂದ್ರೆ ಅದು ಮೋಸದ ಥರಾನೇ ಕಾಣತ್ತೆ. ಜಾರ್ಜ್ ಅವನು ನನ್ನ ಕಸಿನ್ ಅಂತ ಸುಳ್ಳು ಹೇಳ್ಬೇಕಾಗತ್ತೆ. ನೆಂಟಸ್ತಿಕೆ ಇದೆ ಅಂದ್ರೆ ನಂಬ್ತಾರೆ, ಸುಮ್ನೆ ಜೊತೆಗಿದೀವಿ ಅಂದ್ರೆ ನಂಬಲ್ಲ. ಹೇಸರಗತ್ತೆ ಬಂಡಿ ಹೊಡೆಯೋ ಸ್ಲಿಮ್ ಒಬ್ಬನೇ ಇದನ್ನ ಅರ್ಥ ಮಾಡ್ಕೊಳ್ಳೋನು, ಬಹುಶಃ ಈ ಲೋಕದಲ್ಲಿ ಎಲ್ರಿಗೂ ಎಲ್ರನ್ನ ಕಂಡ್ರೆ ಭಯ ಅನ್ನೋ ಅರ್ಥದಲ್ಲಿ ಅವನು ಒಂದು ಮಾತು ಹೇಳ್ತಾನೆ, ಹೇಳಿ ಸುಮ್ನಾಗ್ತಾನೆ.

ಮುದುಕ ಕ್ಯಾಂಡಿ ವಿಷ್ಯಕ್ಕೆ ಬರ್ತೀನಿ. ಇದೇ ಫಾರ್ಮ್‌ನಲ್ಲಿ ಒಂದು ಕೈ ಕಳ್ಕೊಂಡೋನು, ಈಗ ಗುಡಿಸೋ ಕೆಲಸ. ಮರಿಯಿಂದ ಸಾಕಿದ ನಾಯಿ ಇದೆ, ಈಗ ಅದಕ್ಕೆ ಕಣ್ಣು ಕಾಣಲ್ಲ, ಹಲ್ಲಿಲ್ಲ, ವಾಸನೆ ಬರತ್ತೆ. ಕಾರ್ಲ್ಸನ್ ಅನ್ನೋನು ಅದನ್ನ ಹೊರಗೆ ಕರ್ಕೊಂಡು ಹೋಗಿ ಗುಂಡು ಹೊಡೀತೀನಿ ಅಂತ ಪಟ್ಟು ಹಿಡೀತಾನೆ, ದ್ವೇಷದಿಂದ ಅಲ್ಲ, ರೂಮ್ ವಾಸನೆ ಬರತ್ತೆ ಅಂತ. ಕ್ಯಾಂಡಿ ಒಬ್ಬೊಬ್ರ ಮುಖಾನೂ ನೋಡ್ತಾನೆ, ಯಾರಾದ್ರೂ ಬೇಡ ಅನ್ಲಿ ಅಂತ. ಯಾರೂ ಅನ್ನಲ್ಲ. ನಾಯಿ ಹೊರಗೆ ಹೋದ್ಮೇಲೆ ಗುಂಡಿನ ಸದ್ದು ಕೇಳೋವರೆಗೂ ಇರೋ ಆ ಎರಡ್ಮೂರು ಪುಟ ಇದೆಯಲ್ಲ, ಇಸ್ಪೀಟು ಹಾಕೋದು, ಒಬ್ಬ ಏನೋ ಮಾತು ತೆಗೆಯೋದು, ಅದು ನಿಂತು ಹೋಗೋದು, ಮತ್ತೆ ಮೌನ, ಇನ್ನೊಬ್ಬ ಇನ್ನೇನೋ ಹೇಳೋದು, ಕ್ಯಾಂಡಿ ಮಂಚದ ಮೇಲೆ ಸೂರು ನೋಡ್ತಾ ಮಲಗಿರೋದು. ರೂಮ್ ತುಂಬಾ ಜನ ಇದಾರೆ, ಎಲ್ರಿಗೂ ಅವನ ಮೇಲೆ ಕನಿಕರ ಇದೆ, ಒಬ್ರಿಗೂ ಏನು ಹೇಳ್ಬೇಕು ಅಂತ ಗೊತ್ತಿಲ್ಲ. ಇದನ್ನ ಓದೋವಾಗ ನನಗೆ ಗಂಟಲು ಕಟ್ಟಿತ್ತು.

ಅದೇ ರಾತ್ರಿ ಜಾರ್ಜ್ ಲೆನ್ನಿಗೆ ಜಮೀನಿನ ಕಥೆ ಹೇಳ್ತಿರೋದು ಕ್ಯಾಂಡಿ ಕಿವಿಗೆ ಬೀಳತ್ತೆ, ನಾನೂ ಬರ್ತೀನಿ ಅಂತಾನೆ. ಕೈ ಹೋಗಿದ್ದಕ್ಕೆ ಪರಿಹಾರ ಕೊಟ್ಟ 250 ಡಾಲರ್, ಬ್ಯಾಂಕಲ್ಲಿ ಇನ್ನೊಂದು 50, ತಿಂಗಳ ಕೊನೆಗೆ ಬರೋ 50, ಒಟ್ಟು 350. ಜಾರ್ಜ್ ಕಣ್ಣಿಟ್ಟಿರೋ ಹತ್ತು ಎಕರೆ 600ಕ್ಕೆ ಸಿಗಬಹುದು, ಇವರಿಬ್ರು ಏನೂ ಖರ್ಚು ಮಾಡ್ದೇ ಒಂದು ತಿಂಗಳು ದುಡಿದ್ರೆ 100, ಸೇರಿದ್ರೆ 450. ಇದ್ದಕ್ಕಿದ್ದಂಗೆ ಲೆಕ್ಕ ಹತ್ರ ಬರತ್ತೆ. ಅಲ್ಲೀವರೆಗೂ ಮಲಗೋ ಹೊತ್ತಿನ ಸಮಾಧಾನ ಆಗಿದ್ದ ಕಥೆ ಮೂರನೇ ಮನುಷ್ಯ ಬಂದ ತಕ್ಷಣ ನಿಜ ಆಗೋ ಥರ ಕಾಣತ್ತೆ, ಜಾರ್ಜ್‌ಗೇ ನಂಬಿಕೆ ಬರತ್ತೆ, ಮೂರೂ ಜನ ಗರ ಬಡಿದೋರ ಥರ ಕೂತ್ಕೋತಾರೆ. ನಾಯಿ ಕಳ್ಕೊಂಡ ರಾತ್ರೀನೇ ಆ ಮುದುಕ ತನ್ನ ಕೈಯ ದುಡ್ಡನ್ನ ಅಪರಿಚಿತರ ಮುಂದೆ ಇಡ್ತಾನೆ. ನಾಯಿಗೆ ಆದ ಗತಿ ನಾಳೆ ತನಗೂ ಬರತ್ತೆ ಅಂತ ಗೊತ್ತಿರೋನು ಮಾಡೋ ಕೆಲಸ ಅದು.

ಇನ್ನು ನಾಲ್ಕನೇ ಅಧ್ಯಾಯ, ಪುಸ್ತಕ ತಗೊಳ್ಳಿ ಅಂತ ನಾನು ಹೇಳ್ತಿರೋದೇ ಇದಕ್ಕೆ. ಶನಿವಾರ ರಾತ್ರಿ, ಗಟ್ಟಿಮುಟ್ಟಾಗಿರೋರೆಲ್ಲ ಟೌನ್‌ಗೆ ಹೋಗಿದಾರೆ. ಲಾಯಕ್ಕೆ ಅಂಟ್ಕೊಂಡಿರೋ ಶೆಡ್ಡಲ್ಲಿ, ಜೀನು ಲಗಾಮು ರಿಪೇರಿ ಮಾಡೋ ರೂಮಲ್ಲಿ ಕ್ರೂಕ್ಸ್ ಇರ್ತಾನೆ, ಫಾರ್ಮ್‌ನಲ್ಲಿ ಇರೋ ಒಬ್ಬನೇ ಕಪ್ಪು ಮನುಷ್ಯ, ಕುದುರೆ ಒದ್ದು ಬೆನ್ನು ಸೊಟ್ಟ ಆಗಿದೆ. ಬೇರೆಯವರಿಗೆ ಒಂದು ಸೇಬಿನ ಡಬ್ಬದಷ್ಟು ಆಸ್ತಿ ಅಂದ್ನಲ್ಲ, ಇವನಿಗೆ ಬೆನ್ನ ಮೇಲೆ ಹೊರೋಕಾಗದಷ್ಟು ಸಾಮಾನಿದೆ, ಯಾಕಂದ್ರೆ ಇವನು ಎಲ್ಲಿಗೂ ಹೋಗಲ್ಲ: ಬೂಟುಗಳು, ಅಲಾರಂ ಗಡಿಯಾರ, ಬಂದೂಕು, ಚಿನ್ನದ ಬಣ್ಣದ ಫ್ರೇಮಿನ ದೊಡ್ಡ ಕನ್ನಡಕ, ಹರಿದ ಡಿಕ್ಷನರಿ, ಮತ್ತೆ 1905ರ ಕ್ಯಾಲಿಫೋರ್ನಿಯಾ ಸಿವಿಲ್ ಕೋಡ್‌ನ ಒಂದು ನಜ್ಜುಗುಜ್ಜಾದ ಪ್ರತಿ. ಆ ಕಾನೂನು ಪುಸ್ತಕದ ಬಗ್ಗೆ ಲೇಖಕರು ಒಂದು ಮಾತೂ ವಿವರಿಸಲ್ಲ. ಓದಿ ಓದಿ ಸವೆದಿರೋ ಕಾನೂನು ಪುಸ್ತಕ ಇಟ್ಕೊಂಡಿರೋ ಮನುಷ್ಯ, ಬಂಕ್‌ಹೌಸ್ ಬಾಗಿಲು ದಾಟೋ ಹಾಗಿಲ್ಲ. ಹೊರಗೆ ಹಾರ್ಸ್‌ಶೂ ಎಸೆಯೋ ಆಟಕ್ಕೆ ಸೇರಿಸ್ಕೋತಾರೆ, ಅದರಲ್ಲಿ ಅವನು ಎಲ್ರಿಗಿಂತ ಚೆನ್ನಾಗಿ ಆಡ್ತಾನೆ, ಕತ್ತಲಾಗಿ ಎಲ್ರೂ ಒಳಗೆ ಹೋದ್ರೆ ಇವನು ತನ್ನ ಶೆಡ್ಡಿಗೆ. ಒಂದು ಕ್ರಿಸ್ಮಸ್‌ಗೆ ಯಜಮಾನ ವಿಸ್ಕಿ ತಂದಾಗ ಮಾತ್ರ ಒಳಗೆ ಬಿಟ್ಟಿದ್ರಂತೆ, ಆ ರಾತ್ರಿ ಒಬ್ಬ ಇವನ ಜೊತೆ ಹೊಡೆದಾಟಕ್ಕೆ ಇಳಿದಿದ್ದ, ಉಳಿದೋರು ನೋಡಿ ಮಜಾ ತಗೊಂಡಿದ್ರು. ಕ್ಯಾಂಡಿ ಇದನ್ನ ಜಾರ್ಜ್‌ಗೆ ಒಂದು ಒಳ್ಳೇ ನೆನಪು ಹೇಳೋ ಥರ ಹೇಳ್ತಾನೆ ಅನ್ನೋದು ಇನ್ನೂ ಸಂಕಟ.

ಲೆನ್ನಿ ನಾಯಿಮರಿ ನೋಡೋಕೆ ಲಾಯಕ್ಕೆ ಬಂದೋನು ಬೆಳಕು ಕಂಡು ಕ್ರೂಕ್ಸ್ ಬಾಗಿಲಲ್ಲಿ ನಿಲ್ತಾನೆ. ಕ್ರೂಕ್ಸ್ ಹೋಗು ಅಂತಾನೆ, ನನ್ನನ್ನ ನಿಮ್ ರೂಮಿಗೆ ಸೇರ್ಸಲ್ಲ, ನಿಮಗೂ ಇಲ್ಲಿ ಜಾಗ ಇಲ್ಲ ಅಂತ. ಲೆನ್ನಿಗೆ ಯಾಕೆ ಸೇರ್ಸಲ್ಲ ಅನ್ನೋದೇ ಅರ್ಥ ಆಗಲ್ಲ, ಸುಮ್ನೆ ನಗ್ತಾ ನಿಂತಿರ್ತಾನೆ. ಮೈಬಣ್ಣದ ಗೋಡೆ ಅವನ ತಲೆಗೆ ಹೋಗೋದೇ ಇಲ್ಲ, ಹಾಗಾಗಿ ಕ್ರೂಕ್ಸ್ ಸೋತು ಕೂತ್ಕೋ ಅಂತಾನೆ. ಆಮೇಲೆ ಅವನು ಮಾತಾಡ್ತಾನೆ, ವರ್ಷಗಟ್ಟಲೆ ಯಾರ ಹತ್ರಾನೂ ಆಡದೇ ಇದ್ದ ಮಾತು, ಅಪ್ಪನ ಕೋಳಿ ಫಾರ್ಮು, ಆಟ ಆಡೋಕೆ ಬರ್ತಿದ್ದ ಬಿಳಿ ಮಕ್ಕಳು, ಅವರ ಜೊತೆ ಸೇರೋದು ಅಪ್ಪನಿಗೆ ಇಷ್ಟ ಇರ್ಲಿಲ್ಲ ಯಾಕೆ ಅನ್ನೋದು ದೊಡ್ಡೋನಾದ್ಮೇಲೆ ಗೊತ್ತಾಗಿದ್ದು. ಲೆನ್ನಿಗೆ ಅರ್ಥ ಆಗಲ್ಲ, ನೆನಪೂ ಇರಲ್ಲ ಅಂತ ಗೊತ್ತಿದ್ದೇ ಮಾತಾಡ್ತಾನೆ. ಇದ್ದಕ್ಕಿದ್ದಂಗೆ ಅವನಲ್ಲಿ ಒಂದು ಕ್ರೌರ್ಯ ಏಳತ್ತೆ, ಜಾರ್ಜ್ ವಾಪಸ್ ಬರ್ದೇ ಇದ್ರೆ ಏನ್ಮಾಡ್ತೀಯ, ಅವನಿಗೆ ಏನಾದ್ರೂ ಆದ್ರೆ, ಅಂತ ಕೆಣಕ್ತಾ ಹೋಗ್ತಾನೆ, ಲೆನ್ನಿ ಭಯ ಬಿದ್ದು ಮೈಮೇಲೆ ಎದ್ದು ಬರೋವರೆಗೂ. ನಾನು ಅನುಭವಿಸ್ತಿರೋದು ಏನು ಅಂತ ಒಂದು ನಿಮಿಷ ನೀನೂ ಅನುಭವಿಸಿ ನೋಡು, ಅನ್ನೋದು ಅದರ ಹಿಂದಿರೋ ಸಂಕಟ. ಒಂಟಿಯಾಗಿರೋರು ಸಿಕ್ಕಿದ ಮೊದಲ ಜೊತೆಗಾರನನ್ನೇ ಯಾಕೆ ನೋಯಿಸ್ತಾರೆ ಅನ್ನೋದನ್ನ ಇಷ್ಟು ಸರಿಯಾಗಿ ಬರೆದಿರೋದು ನಾನು ಬೇರೆಲ್ಲೂ ಓದಿಲ್ಲ.

ಆಮೇಲೆ ಅವನು ಹೇಳೋದೊಂದಿದೆ, ಪುಸ್ತಕ ಓದ್ಕೊಂಡಿರೋದ್ರಿಂದ ಏನೂ ಆಗಲ್ಲ, ಹತ್ತಿರ ಒಬ್ಬ ಮನುಷ್ಯ ಬೇಕು, ಏನೋ ಒಂದು ಕಂಡ್ರೆ ನೀನೂ ಕಂಡ್ಯಾ ಅಂತ ಕೇಳೋಕೆ ಪಕ್ಕದಲ್ಲಿ ಯಾರೂ ಇಲ್ಲದೇ ಹೋದ್ರೆ ಅದು ನಿಜವೋ ಕನಸೋ ಅಂತಾನೂ ಗೊತ್ತಾಗಲ್ಲ ಅನ್ನೋ ಅರ್ಥದ ಮಾತು. ಬೇಜಾರು ಆಗತ್ತೆ, ಮಾತಾಡೋಕೆ ಜನ ಇಲ್ಲ ಅನ್ನೋ ಒಂಟಿತನ ಎಲ್ರಿಗೂ ಗೊತ್ತು. ಇವನದ್ದು ಅದಕ್ಕಿಂತ ಆಳ, ತನ್ನ ಕಣ್ಣನ್ನ ತಾನೇ ನಂಬೋಕಾಗದ ಸ್ಥಿತಿ.

ಕ್ಯಾಂಡಿನೂ ಬರ್ತಾನೆ. ಇಷ್ಟು ವರ್ಷ ಒಂದೇ ಫಾರ್ಮ್‌ನಲ್ಲಿ ಇದ್ರೂ ಅವನು ಈ ರೂಮಿನೊಳಗೆ ಕಾಲಿಡ್ತಿರೋದು ಇದೇ ಮೊದಲು. ಕ್ರೂಕ್ಸ್ ಸಿಟ್ಟು ತೋರ್ಸೋಕೆ ನೋಡ್ತಾನೆ, ಖುಷಿ ಮುಚ್ಚಿಡೋಕಾಗಲ್ಲ. ಜಮೀನಿನ ಮಾತು ಬಂದಾಗ, ತಲೆಯಲ್ಲಿ ಜಮೀನು ಇಟ್ಕೊಂಡು ಬಂದೋರು ನೂರಾರು ಜನರನ್ನ ನೋಡಿದೀನಿ, ಒಬ್ರಿಗೂ ಸಿಕ್ಕಿಲ್ಲ ಅಂತಾನೆ. ಆದ್ರೆ ದುಡ್ಡು ನಿಜವಾಗ್ಲೂ ಕೂಡಿದೆ ಅಂತ ಕೇಳಿದ್ಮೇಲೆ ದನಿ ಬದಲಾಗತ್ತೆ. ಸಂಬಳ ಬೇಡ, ಊಟ ಕೊಟ್ರೆ ಸಾಕು, ನಾನೂ ಬಂದು ಕೆಲಸ ಮಾಡ್ತೀನಿ ಅಂತಾನೆ. ಇಡೀ ಪುಸ್ತಕದಲ್ಲಿ ನನಗೆ ಅತೀ ಮುಖ್ಯ ಅನ್ಸಿದ ಕ್ಷಣ ಇದು. ಬುದ್ಧಿ ಬೆಳೆಯದೋನು, ಕೈ ಇಲ್ಲದ ಮುದುಕ, ಬಣ್ಣದ ಕಾರಣಕ್ಕೆ ಹೊರಗಿಟ್ಟೋನು, ಯಾರಿಗೂ ಬೇಡದ ಮೂರು ಜನ ಒಂದು ಸಣ್ಣ ಎಲೆಕ್ಟ್ರಿಕ್ ಬಲ್ಬ್ ಬೆಳಕಲ್ಲಿ ಕೂತು ಹೊಲದ ಲೆಕ್ಕ ಹಾಕ್ತಿದಾರೆ, ಜಾರ್ಜ್ ಆ ರೂಮಲ್ಲಿ ಇಲ್ವೇ ಇಲ್ಲ.

ಅಷ್ಟರಲ್ಲಿ ಕರ್ಲಿಯ ಹೆಂಡ್ತಿ ಬರ್ತಾಳೆ. ಯಜಮಾನನ ಸೊಸೆ, ಕರ್ಲಿ ಬಾಕ್ಸಿಂಗ್ ಆಡೋ ಜಗಳಗಂಟ. ಅವಳೂ ಒಂಟಿ, ಶನಿವಾರ ರಾತ್ರಿ ಗಂಡ ಟೌನಿಗೆ ಹೋಗಿದಾನೆ, ಮಾತಾಡೋಕೆ ಒಬ್ರಿಲ್ಲ. ಕೈಲಾಗದೋರನ್ನೆಲ್ಲ ಇಲ್ಲಿ ಬಿಟ್ಟು ಹೋಗಿದಾರೆ ಅಂತ ಅವಳೇ ಹೇಳ್ತಾಳೆ, ಆ ಲೆಕ್ಕದಲ್ಲಿ ತಾನೂ ಇದೀನಿ ಅನ್ನೋದು ಅವಳಿಗೂ ಗೊತ್ತು. ನಾಲ್ಕನೇ ಕುರ್ಚಿ ಹಾಕಿದ್ರೆ ಆಗ್ತಿತ್ತು. ಆಗಲ್ಲ. ಕ್ರೂಕ್ಸ್ ಧೈರ್ಯ ಮಾಡಿ ನನ್ನ ರೂಮಿಂದ ಹೊರಗೆ ಹೋಗಿ ಅಂದಾಗ ಅವಳು ನಿನ್ನನ್ನ ಮರಕ್ಕೆ ನೇತು ಹಾಕಿಸೋದು ನನಗೆ ಎಷ್ಟು ಸುಲಭ ಗೊತ್ತಾ ಅಂತಾಳೆ. ಆ ಕಾಲದ ಅಮೆರಿಕದಲ್ಲಿ ಬಿಳಿ ಹೆಂಗಸಿನ ಒಂದು ಮಾತಿಗೆ ಕಪ್ಪು ಮನುಷ್ಯನ ಜೀವ ಹೋಗೋದು ನಡೀತಿತ್ತು, ಅವಳ ಹತ್ರ ಇರೋ ಒಂದೇ ಅಧಿಕಾರ ಅದು, ಅದನ್ನ ತನಗಿಂತ ಕೆಳಗಿರೋ ಒಬ್ಬನ ಮೇಲೆ ಬಳಸ್ತಾಳೆ. ಕ್ರೂಕ್ಸ್ ಅಲ್ಲೇ ಕುಗ್ಗಿ ಹೋಗ್ತಾನೆ, ಮುಖದಲ್ಲಿ ಏನೂ ಉಳಿಯಲ್ಲ, ದನಿಯಲ್ಲೂ ಉಳಿಯಲ್ಲ. ನಾವು ಸಾಕ್ಷಿ ಹೇಳ್ತೀವಿ ಅಂತ ಕ್ಯಾಂಡಿ ಅಂದ್ರೆ ನಿಮ್ ಮಾತು ಯಾರ್ ಕೇಳ್ತಾರೆ ಅಂತಾಳೆ, ಹೌದು ಯಾರೂ ಕೇಳಲ್ಲ ಅಂತ ಅವನೂ ಒಪ್ಕೋತಾನೆ. ಸ್ವಲ್ಪ ಹೊತ್ತಿಗೆ ಕ್ರೂಕ್ಸ್ ಕ್ಯಾಂಡಿನ ಕರೆದು, ಹೊಲದ ಕೆಲಸಕ್ಕೆ ಬರ್ತೀನಿ ಅಂದ್ನಲ್ಲ, ಅದು ಸುಮ್ನೆ ಅಂದಿದ್ದು ಅಂತಾನೆ.

ಈ ಅಧ್ಯಾಯ ಓದಿ ನನಗೆ ಅನ್ಸಿದ್ದು, ಹೊರಗಿನೋರು ಒಟ್ಟಿಗೆ ಸೇರಿದ ಮಾತ್ರಕ್ಕೆ ಒಬ್ರಿಗೊಬ್ರು ಆಗ್ತಾರೆ ಅನ್ನೋದು ನಾವು ಕಥೆಗಳಲ್ಲಿ ಓದಿ ನಂಬಿರೋದು. ಎಲ್ರಿಂದ ದೂರ ಆದ ನಾಲ್ಕೈದು ಜನ ಸಿಕ್ತಾರೆ, ಮೊದಲು ಜಗಳ ಆಡ್ತಾರೆ, ಆಮೇಲೆ ಒಂದು ಮನೆ ಥರ ಆಗ್ತಾರೆ, ಓದೋಕೂ ಹಿತ. ಸ್ಟೈನ್‌ಬೆಕ್ ಅದನ್ನ ಒಂದು ರಾತ್ರಿ ಅರ್ಧ ಗಂಟೆ ಸಾಧ್ಯ ಮಾಡಿ ತೋರಿಸ್ತಾರೆ, ಆಮೇಲೆ ಅದು ಯಾಕೆ ನಿಲ್ಲಲ್ಲ ಅಂತಾನೂ ತೋರಿಸ್ತಾರೆ. ಅವರ ಮನಸ್ಸು ಕೆಟ್ಟದ್ದು ಅಂತಲ್ಲ. ಅವರಲ್ಲಿ ಒಬ್ಬೊಬ್ರಿಗೂ ಕಾನೂನು, ಬಣ್ಣ, ಗಂಡ, ಕೆಲಸ ಕಳ್ಕೊಳ್ಳೋ ಭಯ ಬೇರೆ ಬೇರೆ ಥರ ಕಟ್ಟಿ ಹಾಕಿದೆ, ಒಬ್ಬನ ಹಗ್ಗ ಎಳೆದ್ರೆ ಇನ್ನೊಬ್ಬನ ಕುತ್ತಿಗೆಗೆ ಬಿಗಿಯತ್ತೆ.

ಅರ್ಧ ಸ್ಟಾರ್ ಕಟ್ ಮಾಡಿದ್ದು ಯಾಕೆ ಅಂದ್ರೆ ಮೊದಲ್ನೇದು ಆ ಹೆಂಗಸಿಗೆ ಪುಸ್ತಕದ ಉದ್ದಕ್ಕೂ ಹೆಸರೇ ಇಲ್ಲ. ಬಂಕ್‌ಹೌಸ್ ಗಂಡಸರು ಅವಳನ್ನ ನೋಡೋ ರೀತಿ ತೋರ್ಸೋಕೆ ಹಾಗೆ ಮಾಡಿದಾರೆ ಅನ್ನೋ ವಾದ ಕೇಳಿದೀನಿ, ಐದನೇ ಅಧ್ಯಾಯದಲ್ಲಿ ಅವಳು ಸಿನಿಮಾಕ್ಕೆ ಸೇರ್ಬೇಕು ಅಂತಿದ್ದ ಕನಸು, ಬರದೇ ಹೋದ ಪತ್ರ, ಅದನ್ನ ಅಮ್ಮನೇ ಕದ್ದಿರ್ಬೇಕು ಅನ್ನೋ ಅನುಮಾನ ಎಲ್ಲಾ ಬರತ್ತೆ, ಅವಳು ತನ್ನ ಕಥೆ ಹೇಳೋದು ಲೆನ್ನಿ ಮೊಲದ ಕಥೆ ಹೇಳೋದು, ಒಬ್ರದ್ದು ಒಬ್ರು ಕೇಳಿಸ್ಕೊಳ್ದೇ ಇಬ್ರೂ ಮಾತಾಡೋದು ತುಂಬಾ ಚೆನ್ನಾಗಿದೆ. ಆದ್ರೂ ನಾಯಿಯನ್ನ ಕೊಂದ ಕಾರ್ಲ್ಸನ್‌ಗೆ ಹೆಸರಿದೆ, ಕಥೆಯಲ್ಲಿ ಮುಖಾನೇ ತೋರಿಸದ ಬಿಲ್ ಟೆನರ್‌ಗೂ ಹೆಸರಿದೆ, ಇವಳಿಗಿಲ್ಲ ಅನ್ನೋದು ನನಗೆ ಒಪ್ಪೋಕಾಗಲ್ಲ. ನಾಟಕದಲ್ಲಿ ಈ ಪಾತ್ರ ಮಾಡಿದ ಕ್ಲೇರ್ ಲೂಸ್‌ಗೆ 1938ರಲ್ಲಿ ಸ್ಟೈನ್‌ಬೆಕ್ ಪತ್ರ ಬರೆದು ಈ ಹುಡುಗಿಯ ಸ್ವಭಾವ, ಹಿನ್ನೆಲೆ ವಿವರಿಸ್ಬೇಕಾಯ್ತು, ಅದರಲ್ಲಿರೋ ಮರುಕ ಕಾದಂಬರಿಯಲ್ಲಿ ಇನ್ನಷ್ಟು ಬೇಕಿತ್ತು.

ಎರಡನೇದು, ಸಲೀನಾಸ್‌ನ ಲೆಟಿಸ್ ಹೊಲಗಳಲ್ಲಿ ಆಗ ಫಿಲಿಪಿನೋ ಕೂಲಿಯವರು ತುಂಬಾ ಜನ ಇದ್ರು, 1934ರಲ್ಲಿ ಅವರ ಯೂನಿಯನ್ ಸ್ಟ್ರೈಕ್ ಮಾಡಿತ್ತು, ಸ್ಟೈನ್‌ಬೆಕ್ ಇದನ್ನ ಬರೀತಿದ್ದ 1936ರಲ್ಲೇ ಸಲೀನಾಸ್‌ನಲ್ಲಿ ಲೆಟಿಸ್ ಸ್ಟ್ರೈಕ್ ದೊಡ್ಡ ಗಲಾಟೆ ಆಗಿತ್ತು. ಮೆಕ್ಸಿಕನ್ನರಂತೂ ಕಣಿವೆ ತುಂಬಾ. ಈ ಬಂಕ್‌ಹೌಸ್‌ನಲ್ಲಿ ಅವರು ಯಾರೂ ಕಾಣ್ಸಲ್ಲ. ಹೊರಗಿನೋರ ಬಗ್ಗೆ ಇಷ್ಟು ಕಾಳಜಿಯಿಂದ ಬರೆದ ಪುಸ್ತಕದಿಂದ ಅವರೂ ಹೊರಗೇ ಉಳಿದ್ರು. ಇನ್ನೊಂದು, ಕಥೆ ತುಂಬಾ ಬಿಗಿಯಾಗಿ ಹೆಣೆದಿದಾರೆ, ಇಲಿ, ನಾಯಿ, ನಾಯಿಮರಿ ಅಂತ ಸುಳಿವು ಮೇಲೆ ಸುಳಿವು, ಗಮನ ಇಟ್ಟು ಓದೋರಿಗೆ ಕೊನೆ ಮುಂಚೇನೇ ಗೊತ್ತಾಗತ್ತೆ. ಅದರಿಂದ ನೋವೇನೂ ಕಡಿಮೆ ಆಗಲ್ಲ ಅನ್ನೋದು ಬೇರೆ ಮಾತು.

ಈ ಬಿಗಿ ಬಂದಿದ್ದು ಇದನ್ನ ನಾಟಕದ ಥರಾನೇ ಬರೆದಿರೋದ್ರಿಂದ. ಪ್ರತಿ ಅಧ್ಯಾಯ ಒಂದೇ ಜಾಗದಲ್ಲಿ ನಡಿಯತ್ತೆ, ಮೊದಲು ಜಾಗದ ವರ್ಣನೆ, ಆಮೇಲೆ ಪಾತ್ರ ಬರೋದು ಹೋಗೋದು. ಪುಸ್ತಕ ಬಂದ 1937ರ ನವೆಂಬರ್‌ನಲ್ಲೇ ಬ್ರಾಡ್‌ವೇನಲ್ಲಿ ಜಾರ್ಜ್ ಎಸ್. ಕಾಫ್‌ಮನ್ ನಿರ್ದೇಶನದಲ್ಲಿ ನಾಟಕ ಆಯ್ತು, ನ್ಯೂಯಾರ್ಕ್ ವಿಮರ್ಶಕರ ಪ್ರಶಸ್ತಿನೂ ಬಂತು. ಸ್ಟೈನ್‌ಬೆಕ್ ಸಾಕಿದ್ದ ನಾಯಿಮರಿ ಇದರ ಮೊದಲ ಪ್ರತಿಯಲ್ಲಿ ಅರ್ಧದಷ್ಟು ಹರಿದು ಹಾಕಿ, ಎರಡು ತಿಂಗಳ ಕೆಲಸ ಮತ್ತೆ ಮಾಡ್ಬೇಕಾಯ್ತು. ಅವರಿಗೆ 1962ರಲ್ಲಿ ನೊಬೆಲ್ ಬಂತು, ಅದಕ್ಕೆ ಈ ಸಣ್ಣ ಪುಸ್ತಕದ ಪಾಲೂ ಇದೆ ಅಂತ ನಾನು ನಂಬ್ತೀನಿ.

ಓದೋದು ಹೇಗೆ ಅನ್ನೋದು ಹೇಳ್ಬೇಕು, ಕನ್ನಡ ಮೀಡಿಯಂನಲ್ಲಿ ಓದ್ದೋರಿಗೆ ಮುಖ್ಯವಾಗಿ. ವರ್ಣನೆಯ ಇಂಗ್ಲಿಷ್ ತುಂಬಾ ಸರಳ, ಚಿಕ್ಕ ಚಿಕ್ಕ ವಾಕ್ಯ. ಸಂಭಾಷಣೆ ಮಾತ್ರ ಕೂಲಿಯವರ ಆಡುಮಾತು, ಅಕ್ಷರ ನುಂಗಿ ಬರೆದಿದಾರೆ, ಗ್ರಾಮರ್ ಇಲ್ಲ, ಮೊದಲ ಹತ್ತು ಪುಟ ತಡವರಿಸತ್ತೆ. ಕಣ್ಣಲ್ಲಿ ಓದ್ಬೇಡಿ, ಬಾಯಲ್ಲಿ ಓದಿ, ಕೇಳಿಸ್ಕೊಂಡ ತಕ್ಷಣ ಅರ್ಥ ಆಗತ್ತೆ. ಇಲ್ಲಾಂದ್ರೆ ಗ್ಯಾರಿ ಸಿನೀಸ್ ಓದಿರೋ ಆಡಿಯೋಬುಕ್ ತಗೊಳ್ಳಿ, ಮೂರು ಗಂಟೆ ಚಿಲ್ಲರೆ ಇದೆ. ಇವರು 1992ರ ಸಿನಿಮಾ ನಿರ್ದೇಶನ ಮಾಡಿ ಅದರಲ್ಲಿ ಜಾರ್ಜ್ ಪಾತ್ರಾನೂ ಮಾಡಿದೋರು, ಹಾಗಾಗಿ ಜಾರ್ಜ್ ಸಿಟ್ಟು ಸುಸ್ತು ಎರಡೂ ದನಿಯಲ್ಲೇ ಇದೆ, ಲೆನ್ನಿ ದನಿ ಮಾಡೋವಾಗ ಎಲ್ಲೂ ಅವನನ್ನ ನಗೆಪಾಟಲು ಮಾಡಿಲ್ಲ, ಅದು ನನಗೆ ತುಂಬಾ ಮುಖ್ಯ. ಪುಸ್ತಕ ಎದುರಿಗಿಟ್ಕೊಂಡು ಆಡಿಯೋ ಕೇಳಿದ್ರೆ ಆಡುಮಾತಿನ ತೊಂದರೆ ಪೂರ್ತಿ ಹೋಗತ್ತೆ. ಕಪ್ಪು ಜನರನ್ನ ಹೀನವಾಗಿ ಕರೆಯೋ ಪದ ಸಂಭಾಷಣೆಯಲ್ಲಿ ಮತ್ತೆ ಮತ್ತೆ ಬರತ್ತೆ, ಅಮೆರಿಕದ ಸ್ಕೂಲುಗಳಲ್ಲಿ ಈ ಪುಸ್ತಕದ ಮೇಲೆ ಪದೇ ಪದೇ ಆಕ್ಷೇಪ ಬಂದಿರೋಕೆ ಅದೂ ಒಂದು ಕಾರಣ. ಹೈಸ್ಕೂಲ್ ಮಕ್ಕಳಿಗೆ ಕೊಡೋದಾದ್ರೆ ದೊಡ್ಡೋರು ಜೊತೆಗೆ ಕೂತು ಓದೋದು ಒಳ್ಳೇದು, ಆ ಪದ ಯಾರು ಯಾರಿಗೆ ಯಾವಾಗ ಹೇಳ್ತಾರೆ ಅನ್ನೋದನ್ನ ಮಾತಾಡ್ಬೇಕು.

ಮನಸ್ಸು ಹಗುರ ಮಾಡ್ಕೊಳ್ಳೋಕೆ ಏನಾದ್ರೂ ಓದ್ಬೇಕು ಅನ್ನೋರು ಈಗ ಬೇಡ, ಇನ್ಯಾವಾಗಾದ್ರೂ. ಕೆಲಸಕ್ಕೆ ಅಂತ ಊರು ಬಿಟ್ಟು ಗುರುತಿಲ್ಲದೋರ ಜೊತೆ ರೂಮ್ ಹಂಚ್ಕೊಂಡಿರೋರಿಗೆ ಖಂಡಿತ ಕೊಡಿ. ಪೇಪರ್‌ಬ್ಯಾಕ್ ತಗೊಳ್ಳೋವಾಗ ಅಕ್ಷರ ಸೈಜ್ ನೋಡ್ಕೊಳ್ಳಿ, ಅಗ್ಗದ ಪ್ರಿಂಟ್‌ಗಳಲ್ಲಿ ಆಡುಮಾತಿನ ಅಕ್ಷರಲೋಪದ ಗುರುತುಗಳು ಸರಿಯಾಗಿ ಬಿದ್ದಿರಲ್ಲ, ಆಗ ಓದೋದು ಇನ್ನೂ ಕಷ್ಟ. ಮುನ್ನುಡಿ ಇರೋ ಎಡಿಷನ್ ಆದ್ರೆ ಮುನ್ನುಡಿನ ಕೊನೆಗೆ ಓದಿ, ಕಥೆಯ ಅಂತ್ಯ ಅದರಲ್ಲೇ ಹೇಳಿರ್ತಾರೆ.